ಕೆರೆಯ ಅಂಗಳದಲ್ಲಿ ನಮ್ಮ ಮನೆ

ಕನ್ನಡನಾಡಿನಿಂದ ಚೆನ್ನೈಗೆ ಹೊಸದಾಗಿ ಬಂದವರನ್ನು ತಬ್ಬಿಬ್ಬುಗೊಳಿಸುವ ತಮಿಳು ಮಾತುಗಳಲ್ಲಿ 'ಏರಿ' ಎಂಬುದೂ ಒಂದು. ನಮ್ಮಲ್ಲಿ ಏರಿ ಎಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ. ಹಳ್ಳಿಗಳಲ್ಲಿ ಅದರ ಮೇಲೆ ಗಾಡಿ ಓಡಾಡುತ್ತದೆ, ಸಂಜೆ ದನಕರುಗಳು ಮನೆಗೆ ಮರಳುವುದೂ ಅದರ ಮೇಲೆಯೇ. ತಮಿಳರಿಗಾದರೋ ಏರಿ ಎಂದರೆ ಕೆರೆಯೇ. ನಾವು ಏರಿ ಎನ್ನುವುದನ್ನು ಅವರು 'ಕರೈ' ಎನ್ನುತ್ತಾರೆ. ಮಂಡ್ಯದ ಕಡೆಯಿಂದ ಬಂದಿದ್ದ ನಮ್ಮ ಅತ್ತೆಯೊಬ್ಬರು, ಏರಿ ತುಂಬಿತೆಂದು ಹಾಲಿನವನು ಹೇಳಿದ್ದನ್ನು ಕೇಳಿ, "ಕೆರೆ ತುಂಬುತ್ತೆ ಕಣಪ್ಪ, ಏರಿ ಹ್ಯಾಗೆ ತುಂಬುತ್ತೆ?" ಎಂದು ನಮ್ಮನ್ನೇ ಕೇಳಿದ್ದರು. ಆದರೆ ಒಂದು ಸಂದರ್ಭದಲ್ಲಿ ಮಾತ್ರ ಎರಡು ಭಾಷೆಗಳೂ ಒಂದಾಗಿಬಿಡುತ್ತವೆ. ಅವರು 'ಏರಿ ಉಡೈಂದದು' ಎನ್ನುತ್ತಾರೆ, ನಾವು 'ಏರಿ ಒಡೆಯಿತು' ಎನ್ನುತ್ತೇವೆ. ಒಡೆದದ್ದು ಕೆರೆಯೆಂದು ಅವರ ಲೆಕ್ಕ, ಕಟ್ಟೆಯೆಂದು ನಮ್ಮ ಲೆಕ್ಕ. ಊರಿಗೆ ನುಗ್ಗುವ ನೀರು ಒಂದೇ.

ಈ ಪದದ ಮೇಲೆ ನಮಗೆ ಇಷ್ಟು ಆಸ್ಥೆ ಹುಟ್ಟಿದ್ದಕ್ಕೆ ಕಾರಣವಿದೆ. 2015ರ ಡಿಸೆಂಬರ್ ಮೊದಲ ವಾರದಲ್ಲಿ ಪಶ್ಚಿಮ ಮಾಂಬಲಂನ ನಮ್ಮ ಬೀದಿಯಲ್ಲಿ ಮೊಣಕಾಲು ಮೀರಿ ನೀರು ನಿಂತಿತ್ತು. ಮಳೆ ನಿಂತ ಮೇಲೂ ನೀರು ಏರುತ್ತಲೇ ಇತ್ತು. ಅಡಿಗೆಮನೆಯ ಗ್ಯಾಸ್ ಸಿಲಿಂಡರನ್ನು ಮೆಟ್ಟಲ ಮೇಲೆ ಹೊತ್ತು ಹಾಕುತ್ತಿದ್ದಾಗ ಎದುರು ಮನೆಯ ಹಿರಿಯರೊಬ್ಬರು ಮಹಡಿಯಿಂದಲೇ, "ಇದು ಏರಿಯಾ ಅಲ್ಲ ಸ್ವಾಮಿ, ಏರಿ!" ಎಂದರು. ಆ ಹೊತ್ತಿನಲ್ಲಿ ನಗು ಬರಲಿಲ್ಲ. ಆದರೆ ಮಳೆಯೇ ಇಲ್ಲದಾಗ ಏರಿದ ಈ ನೀರು ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು. ಕೇಂದ್ರ ಸರ್ಕಾರದ ಕಚೇರಿಯ ಗುಮಾಸ್ತರಿಗೆ ಶನಿವಾರ, ಭಾನುವಾರ ಎರಡೂ ರಜೆ. ಬುತ್ತಿ ಕಟ್ಟಿಕೊಂಡು, ಲೋಕಲ್ ರೈಲು ಬಸ್ಸುಗಳಲ್ಲಿ, ಇರುವ ಕೆರೆಗಳನ್ನೂ ಇಲ್ಲದ ಕೆರೆಗಳನ್ನೂ ನೋಡಿ ಬರುವ ಅಭ್ಯಾಸ ನಮಗೆ ಅಂದಿನಿಂದ ಹತ್ತಿತು. ಹಾಗೆ ಕಂಡದ್ದನ್ನೂ ಓದಿದ್ದನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಇಲ್ಲದ ಕೆರೆಯಿಂದಲೇ ಆರಂಭಿಸೋಣ. 1920ರ ದಶಕದವರೆಗೆ ಮದ್ರಾಸು ನಗರದ ಪಶ್ಚಿಮದ ಎಲ್ಲೆಯೆಂದರೆ ಒಂದು ಉದ್ದನೆಯ ನೀರಿನ ಪಟ್ಟಿ. ನುಂಗಂಬಾಕ್ಕಂ ಕೆರೆ, ಮೈಲಾಪುರ ಕೆರೆ ಎಂಬ ಎರಡು ಕೆರೆಗಳು ಕೂಡಿಕೊಂಡು ಮೌಂಟ್ ರಸ್ತೆಯ ಪಶ್ಚಿಮಕ್ಕೆ ಬಿಲ್ಲಿನಂತೆ ಬಾಗಿ, ಸೈದಾಪೇಟೆಯ ಬಳಿ ಅಡ್ಯಾರ್ ನದಿಯ ಸನಿಹದವರೆಗೆ ಹಬ್ಬಿದ್ದವು. ಇಂಗ್ಲಿಷರು ಇದನ್ನು ಲಾಂಗ್ ಟ್ಯಾಂಕ್ ಎಂದು ಕರೆದರು. ಮದ್ರಾಸ್ ಬೋಟ್ ಕ್ಲಬ್ಬಿನ ದೊರೆಗಳು ಇಲ್ಲಿ ದೋಣಿಯ ಪಂದ್ಯ ನಡೆಸಿದ್ದೂ ಉಂಟು. ನಗರ ಬೆಳೆಯಿತು, ಮನೆಗಳು ಸಾಲದಾದವು. ಪಾನಗಲ್ ರಾಜರು ಮುಖ್ಯಮಂತ್ರಿಯಾಗಿದ್ದ ಜಸ್ಟಿಸ್ ಪಕ್ಷದ ಆಡಳಿತದಲ್ಲಿ, 1923ರಿಂದೀಚೆಗೆ, ಮೈಲಾಪುರ ಕೆರೆಯ ನೀರನ್ನು ಹೊರಬಿಟ್ಟು ಅದರ ಅಂಗಳದಲ್ಲಿ ಹೊಸ ಬಡಾವಣೆ ಎಬ್ಬಿಸಲಾಯಿತು. 1925ರಲ್ಲಿ ತೀರಿಕೊಂಡ ಪಕ್ಷದ ನಾಯಕ ಸರ್ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಅದಕ್ಕೆ ಬಂತು. ಅದೇ ನಮ್ಮ ತ್ಯಾಗರಾಯನಗರ, ಅರ್ಥಾತ್ ಟಿ. ನಗರ. ನಡುವಿನ ಉದ್ಯಾನಕ್ಕೆ ಪಾನಗಲ್ ರಾಜರ ಹೆಸರು, ದೊಡ್ಡ ರಸ್ತೆಗಳಿಗೆ ಆ ಪಕ್ಷದ ಇತರ ಮುಖಂಡರ ಹೆಸರು. ಕೆರೆಯ ನೆನಪಿಗೆ ಉಳಿದದ್ದು ರೈಲು ಹಳಿಯ ಆಚೆಗಿರುವ 'ಲೇಕ್ ವ್ಯೂ ರೋಡ್' ಎಂಬ ಫಲಕ. ಅಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಕಾಣುವುದು ರೈಲ್ವೆ ಕಾಂಪೌಂಡು.

ಕನ್ನಡಿಗರಿಗೆ ಈ ಬಡಾವಣೆಯ ಪರಿಚಯ ಹೊಸದಲ್ಲ. ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ 1950, 60ರ ದಶಕಗಳಲ್ಲಿ ನಮ್ಮ ನಟರು, ಸಂಗೀತಗಾರರು, ತಂತ್ರಜ್ಞರು ಟಿ. ನಗರ, ಕೋಡಂಬಾಕ್ಕಂ, ವಡಪಳನಿಗಳಲ್ಲಿ ಬಿಡಾರ ಹೂಡಿದ್ದರು. ಬ್ಯಾಂಕು, ರೈಲ್ವೆ, ಲೆಕ್ಕಪತ್ರ ಇಲಾಖೆಗಳ ನಮ್ಮಂಥವರು ಹಳಿಯ ಪಶ್ಚಿಮಕ್ಕೆ, ಬಾಡಿಗೆ ಕೊಂಚ ಕಡಿಮೆಯಿರುವ ಕಡೆ ನೆಲೆಸಿದೆವು. ಕೆರೆಯ ಕಥೆ ಆಗ ಯಾರಿಗೂ ಬೇಕಿರಲಿಲ್ಲ.

ಕೆರೆಯನ್ನು ಮುಚ್ಚಬಹುದು, ಆದರೆ ಅದರೊಳಕ್ಕೆ ಹರಿದು ಬರುತ್ತಿದ್ದ ನೀರಿಗೆ ಆ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ವಳ್ಳುವರ್ ಕೋಟ್ಟಂ ಬಳಿಯಿಂದ ಹೊರಟು ಟಿ. ನಗರದ ಮನೆಗಳ ಹಿತ್ತಲುಗಳನ್ನು ಬಳಸಿಕೊಂಡು ನಂದನಂ ಕಡೆ ಅಡ್ಯಾರ್ ನದಿಯನ್ನು ಸೇರುವ ಮಾಂಬಲಂ ಕಾಲುವೆಯನ್ನು ಬಲ್ಲಿರಷ್ಟೆ? ಮೂಗು ಮುಚ್ಚಿಕೊಂಡು ದಾಟುವ ಈ ಚರಂಡಿಗೆ ಇಂದಿಗೂ ಹಳೆಯ ಕೆರೆಯ ಕೆಲಸ ತಪ್ಪಿಲ್ಲ. 2021ರ ನವೆಂಬರಿನ ಮಳೆಯಲ್ಲಿ ಟಿ. ನಗರದ ರಸ್ತೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಜವಳಿ ಅಂಗಡಿಗಳ ಮೆಟ್ಟಲು ಮುಳುಗಿದ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿದವರು ಅನೇಕರು.

ನುಂಗಂಬಾಕ್ಕಂ ಕೆರೆಗೆ ಇನ್ನೂ ಸ್ವಲ್ಪ ಆಯುಸ್ಸಿತ್ತು. 1970ರ ದಶಕದಲ್ಲಿ ಅದರ ಅಂಗಳದ ಭಾಗದಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ತಿರುವಳ್ಳುವರ್ ಸ್ಮಾರಕವಾದ ಆ ಕಲ್ಲಿನ ತೇರಿನ ಉದ್ಘಾಟನೆ ಆದದ್ದು 1976ರಲ್ಲಿ. ಅದರ ಹಿಂದಿನ ವಸತಿ ಪ್ರದೇಶಕ್ಕೆ ಇಂದಿಗೂ 'ಲೇಕ್ ಏರಿಯಾ' ಎಂದೇ ವಿಳಾಸ, ಪಕ್ಕದಲ್ಲಿ 'ಟ್ಯಾಂಕ್ ಬಂಡ್ ರೋಡ್' ಎಂಬ ರಸ್ತೆಯೂ ಇದೆ. ನಮ್ಮ ಎದುರು ಮನೆಯ ಹಿರಿಯರ ಶ್ಲೇಷೆಯನ್ನು ಸರ್ಕಾರಿ ಫಲಕವೇ ಸಮರ್ಥಿಸಿದಂತಾಯಿತು. ಎಗ್ಮೂರಿನ ಕಡೆ ಸ್ಪರ್ ಟ್ಯಾಂಕ್ ರೋಡ್ ಇದೆ, ಟ್ಯಾಂಕ್ ಇಲ್ಲ. ವೇಪ್ಪೇರಿಯ ಹೆಸರಿನ ಕೊನೆಗೆ ಏರಿ ಅಂಟಿಕೊಂಡಿದೆ. ಪಳವಂತಾಂಗಲ್, ಅಯ್ಯಪ್ಪನ್‌ತಾಂಗಲ್ ಮೊದಲಾದವುಗಳಲ್ಲಿರುವ 'ತಾಂಗಲ್' ಎಂದರೆ ಸಣ್ಣ ಕೆರೆ. ಈ ಊರಿನ ಬಸ್ಸಿನ ಬೋರ್ಡುಗಳನ್ನು ಓದಿದರೆ ಸಾಕು, ಅರ್ಧ ಜಲಚರಿತ್ರೆ ಮುಗಿಯುತ್ತದೆ. ಇದಕ್ಕಾಗಿ ತಮಿಳರನ್ನು ದೂರಲು ನಮಗೆ ಬಾಯಿಲ್ಲ. ಬೆಂಗಳೂರಿನಲ್ಲಿ ನಾವು ಇಳಿಯುವ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಚೆನ್ನೈ ನಗರದ ಒಳಗೆ ಕೆರೆಯೆಂದು ಹೇಳಿಕೊಳ್ಳುವ ಹಾಗೆ ಉಳಿದವುಗಳಲ್ಲಿ ಚೇಟ್‌ಪಟ್ಟಿನದೊಂದು, ಸುಮಾರು 16 ಎಕರೆ. ಮೀನುಗಾರಿಕೆ ಇಲಾಖೆಯ ವಶದಲ್ಲಿದ್ದುದರಿಂದ ಬದುಕಿಕೊಂಡಿತೆಂದು ತೋರುತ್ತದೆ. 2016ರಲ್ಲಿ ಅಲ್ಲಿ ಉದ್ಯಾನ, ದೋಣಿವಿಹಾರಗಳಾದವು. ಮಕ್ಕಳಿಗೆ ತೋರಿಸಲು ಅಡ್ಡಿಯಿಲ್ಲ.

ನಿಜವಾದ ಕೆರೆ ನೋಡಬೇಕಾದರೆ ತಾಂಬರಂ ದಾಟಬೇಕು. ಚೆಂಗಲ್ಪಟ್ಟು ಸೀಮೆಗೆ 'ಏರಿ ಜಿಲ್ಲೆ' ಎಂದೇ ಪ್ರಸಿದ್ಧಿ. ಇಂಗ್ಲಿಷರೂ ತಮ್ಮ ನಾಡಿನ ಲೇಕ್ ಡಿಸ್ಟ್ರಿಕ್ಟಿನ ಹೆಸರನ್ನೇ ಇದಕ್ಕೆ ಇಟ್ಟರು. ಹೋಲಿಕೆ ಹೆಸರಿನಲ್ಲಿ ಮಾತ್ರ. ಅಲ್ಲಿನ ಸರೋವರಗಳು ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಕೊರೆದು ಮಾಡಿದ ಆಳವಾದ ಕಣಿವೆಗಳು, ನಿಸರ್ಗದ ಕೊಡುಗೆ. ಇಲ್ಲಿನವು ಒಂದೊಂದೂ ಮನುಷ್ಯನ ತಲೆಹೊರೆ ಮಣ್ಣಿನಿಂದಾದವು. ಅಲ್ಲಿಯೂ ನಮ್ಮ ಕೆರೆಗಳಿಗೆ ದಾಯಾದಿಗಳನ್ನು ಹುಡುಕುವುದಾದರೆ ನಾರ್ಫೋಕಿನ 'ಬ್ರಾಡ್ಸ್' ಎಂಬ ಕೊಳಗಳನ್ನು ಹೇಳಬೇಕು. ಅವು ಸ್ವಾಭಾವಿಕವೆಂದೇ ಎಲ್ಲರೂ ನಂಬಿದ್ದರು. ಮಧ್ಯಯುಗದ ಜನ ಉರುವಲಿಗಾಗಿ ಜವುಗು ಮಣ್ಣು ಅಗೆದ ಹಳ್ಳಗಳಲ್ಲಿ ನೀರು ತುಂಬಿ ಅವು ಆದುವೆಂದು 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ತೋರಿಸಿಕೊಟ್ಟರು.

ಚೆಂಗಲ್ಪಟ್ಟಿನ ಕೆರೆಯ ರಚನೆ ಬಹಳ ಸರಳ. ನೆಲ ಪಶ್ಚಿಮದಿಂದ ಪೂರ್ವಕ್ಕೆ, ಸಮುದ್ರದ ಕಡೆಗೆ, ಕಣ್ಣಿಗೆ ಕಾಣದಷ್ಟು ಇಳಿಜಾರು. ಆ ಇಳಿಜಾರಿಗೆ ಅಡ್ಡವಾಗಿ ಅರ್ಧಚಂದ್ರದಂತೆ ಒಂದು ಕಟ್ಟೆ ಹಾಕಿದರೆ ಮೂರು ಕಡೆ ನೆಲವೇ ದಡ. ನಮ್ಮ ತೂಬು ಅವರ 'ಮದಗು'. ಮಳವಳ್ಳಿ ಕಡೂರಿನವರಿಗೂ ಮದಗ ಎಂದರೆ ಅಪರಿಚಿತವಲ್ಲ. ನಮ್ಮ ಕೋಡಿ ಅವರ 'ಕಲಂಗಲ್'. ತೂಬು ತೆರೆದು ಸರದಿಯಂತೆ ಗದ್ದೆಗೆ ನೀರು ಬಿಡುವವನು ನಮ್ಮಲ್ಲಿ ನೀರುಗಂಟಿ, ಅವರಲ್ಲಿ ನೀರ್ಕಟ್ಟಿ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬಬೇಕು, ಅದು ಕೋಡಿ ಬಿದ್ದರೆ ಅದರ ಕೆಳಗಿನದು. ಚೆನ್ನೈ ಪ್ರದೇಶಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 140 ಸೆಂಟಿಮೀಟರ್. ಬೆಂಗಳೂರಿಗಿಂತ ಹೆಚ್ಚೇ. ಆದರೆ ಅದರಲ್ಲಿ ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಅದೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವಾದ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಆ ಕೆಲವು ದಿನಗಳ ನೀರನ್ನು ಹಿಡಿದಿಟ್ಟರೆ ವರ್ಷದ ಅನ್ನ, ಬಿಟ್ಟರೆ ಪ್ರವಾಹ. ಸರಪಳಿಯ ಕೆಳಗಿನ ಕೊಂಡಿಗಳನ್ನು ಕಿತ್ತು ಮನೆ ಕಟ್ಟಿದರೂ ಮೇಲಿನ ಕೆರೆಗಳು ತಮ್ಮ ಕೋಡಿಯ ನೀರನ್ನು ಹಳೆಯ ವಿಳಾಸಕ್ಕೇ ಕಳಿಸುತ್ತವೆ.

ಇಂಥ ಕೆರೆಗಳು ಎಷ್ಟಿದ್ದವು? ಇದನ್ನು ಮೊದಲು ಎಣಿಸಿ ಲೋಕಕ್ಕೆ ಸಾರಿದವರಲ್ಲಿ ಒಬ್ಬರು, ಆಶ್ಚರ್ಯವೆಂದರೆ, ಭಾರತವನ್ನು ಎಂದೂ ಕಾಣದ ಎಡ್ಮಂಡ್ ಬರ್ಕ್. 1785ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಮಾತಾಡುತ್ತ, ಬರ್ನಾರ್ಡ್ ಎಂಬ ಎಂಜಿನಿಯರ್ ಅಳತೆ ಮಾಡಿ ಬರೆದಿದ್ದ ಚೆಂಗಲ್ಪಟ್ಟು ಜಾಗೀರಿನ ನಕ್ಷೆಯಲ್ಲಿ ತಾವೇ ಕೆರೆಗಳನ್ನು ಲೆಕ್ಕ ಹಾಕಿದ್ದಾಗಿಯೂ, ಅವು 1,100ಕ್ಕೂ ಹೆಚ್ಚೆಂದೂ ಹೇಳಿದರು. ಎರಡು ಮೂರು ಎಕರೆಯ ಕಟ್ಟೆಯಿಂದ ಐದು ಮೈಲಿ ಸುತ್ತಳತೆಯ ಕೆರೆಯವರೆಗೆ! ಪ್ರಜೆಗಳನ್ನು ಮಕ್ಕಳಂತೆ ಕಂಡ ಅರಸರ ಸ್ಮಾರಕಗಳು ಇವೆಂದು ಅವರು ಕೊಂಡಾಡಿದರು. ಅದೇ ಭಾಷಣದಲ್ಲಿ, 1780ರಲ್ಲಿ ಹೈದರಾಲಿಯ ಸೈನ್ಯ ಕರ್ನಾಟಕ್ ಪ್ರಾಂತವನ್ನು ಸುಟ್ಟು ಬರಿದು ಮಾಡಿದ ಭಯಂಕರ ವರ್ಣನೆಯೂ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ ನಾವೆಲ್ಲ ಬೀಗಿದವರೇ. ಆ ಪೊಳ್ಳಿಲೂರು ಕಾಂಚೀಪುರದ ಬಳಿಯ ಕೆರೆಯ ಸೀಮೆ. ಗೆದ್ದವರು ಮೈಸೂರಿನವರು, ಊರು ಬಿಟ್ಟು ಓಡಿದವರು, ದುರಸ್ತಿ ಮಾಡುವ ಕೈಗಳಿಲ್ಲದೆ ಕೆರೆ ಕಳೆದುಕೊಂಡವರು ಇಲ್ಲಿನ ರೈತರು. ಕನ್ನಡಿಗರಾದ ನಾವು ಇದನ್ನೂ ತಿಳಿದಿರುವುದು ಒಳ್ಳೆಯದು.

ಹಾಳಾದ ಆ ಕೆರೆಗಳನ್ನು ಎತ್ತಿ ಕಟ್ಟಿಸಿದವನು 1790ರ ದಶಕದ ಕಲೆಕ್ಟರ್ ಲಯೊನೆಲ್ ಪ್ಲೇಸ್. ಮಧುರಾಂತಕದ ಕೆರೆಯ ಏರಿಯ ಕೆಳಗಿರುವ ರಾಮನ ಗುಡಿಯಲ್ಲಿ ಅವನ ಕಥೆಯನ್ನು ಅರ್ಚಕರು ಇಂದಿಗೂ ಹೇಳುತ್ತಾರೆ. ಪ್ರತಿವರ್ಷ ಮಳೆಗಾಲದಲ್ಲಿ ಆ ಏರಿ ಒಡೆಯುತ್ತಿತ್ತಂತೆ. ಅಮ್ಮನವರ ಗುಡಿ ಕಟ್ಟಿಸಲು ಸಹಾಯ ಬೇಡಿದಾಗ ಪ್ಲೇಸ್, ನಿಮ್ಮ ದೇವರು ಈ ವರ್ಷ ಏರಿಯನ್ನು ಕಾಯಲಿ, ಆಮೇಲೆ ನೋಡೋಣ ಎಂದನಂತೆ. 1798ರ ಮಳೆಗಾಲದ ಒಂದು ಕಾಳರಾತ್ರಿ ಏರಿ ನೋಡಲು ಹೋದವನಿಗೆ ಬಿಲ್ಲು ಹಿಡಿದ ಇಬ್ಬರು ತೇಜಸ್ವಿ ತರುಣರು ಕಟ್ಟೆಯ ಮೇಲೆ ಕಾವಲು ತಿರುಗುವುದು ಕಂಡಿತು. ಏರಿ ಒಡೆಯಲಿಲ್ಲ. ಸ್ವಾಮಿಗೆ 'ಏರಿ ಕಾತ್ತ ರಾಮರ್' ಎಂಬ ಹೆಸರಾಯಿತು, ಅಂದರೆ ಏರಿ ಕಾಯ್ದ ರಾಮ. ಜಾನಕಿಯ ಗುಡಿ ಕಲೆಕ್ಟರ್ ಲಯೊನೆಲ್ ಪ್ಲೇಸನ ಧರ್ಮವೆಂಬ ತಮಿಳು ಬರಹ ಅಲ್ಲಿದೆ. ವಿಜ್ಞಾನ ಓದಿದವರು ನಂಬಲಿ ಬಿಡಲಿ, 'ಏರಿ ಕಾಯ್ದ' ಎಂಬ ಮಾತು ಕನ್ನಡದ ಕಿವಿಗೆ ತಮಿಳಿಗಿಂತಲೂ ಸರಿಯಾಗಿ ಒಪ್ಪುತ್ತದೆ: ತರುಣರು ನಿಂತದ್ದು ಕಟ್ಟೆಯ ಮೇಲೆ ತಾನೆ!

ಪ್ಲೇಸ್ ಧರ್ಮಾತ್ಮನೇನೂ ಆಗಿರಲಿಲ್ಲ. ಕಂದಾಯ ಏರಿಸಲು ಬಂದವನು. ನೀರಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ಕಂದಾಯವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಹತ್ತಿರದ ವೇಡಂತಾಂಗಲ್ ಕೆರೆಯ ಹಕ್ಕಿಗಳನ್ನು ಯಾರೂ ಬೇಟೆಯಾಡಬಾರದೆಂಬ ಹಳ್ಳಿಯವರ ಹಕ್ಕನ್ನು 1798ರ ಹೊತ್ತಿಗೆ ಮಾನ್ಯ ಮಾಡಿದ ಕೀರ್ತಿಯೂ ಅವನದೇ. ಹಕ್ಕಿಯ ಹಿಕ್ಕೆ ಬೆರೆತ ಆ ಕೆರೆಯ ನೀರು ಗದ್ದೆಗೆ ಗೊಬ್ಬರ. ಗ್ರಾಮಸ್ಥರ ಪಕ್ಷಿಪ್ರೇಮಕ್ಕೆ ಭತ್ತದ ಆಧಾರವಿತ್ತು. ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ.

ಕಲೆಕ್ಟರುಗಳಿಗಿಂತ ಮೊದಲು ಕೆರೆ ಯಾರ ಜವಾಬ್ದಾರಿಯಾಗಿತ್ತು? ಉತ್ತರ ಉತ್ತರಮೇರೂರಿನ ಗೋಡೆಯ ಮೇಲಿದೆ. ಚೋಳ ಒಂದನೆಯ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳು ಅವು. ಊರಿನ 30 ವಾರ್ಡುಗಳಿಂದ ಚೀಟಿ ಎತ್ತಿ ಸಮಿತಿಗಳನ್ನು ಆರಿಸುವ ಪದ್ಧತಿ ಅಲ್ಲಿ ವಿವರವಾಗಿ ಕೆತ್ತಿದೆ. ಅದನ್ನು ಪ್ರಜಾಪ್ರಭುತ್ವದ ತೊಟ್ಟಿಲೆಂದು ಭಾಷಣ ಮಾಡುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಆ ಸಮಿತಿಗಳಲ್ಲಿ ಒಂದು 'ಏರಿ ವಾರಿಯಂ', ಅಂದರೆ ಕೆರೆಯ ಸಮಿತಿ. ಆರು ಮಂದಿ ಸದಸ್ಯರು, 360 ದಿನಗಳ ಅವಧಿ. ವಯಸ್ಸು 35 ದಾಟಿರಬೇಕು, 70 ಮೀರಿರಬಾರದು. ಸ್ವಂತ ನಿವೇಶನದಲ್ಲಿ ಸ್ವಂತ ಮನೆ ಇರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ಬಂಧುಗಳೂ ನಿಲ್ಲುವಂತಿಲ್ಲ. ಗುಮಾಸ್ತರಾದ ನಮಗೆ ಆ ಕೊನೆಯ ನಿಯಮವೇ ಎಲ್ಲಕ್ಕಿಂತ ರುಚಿಸಿತು. ನಮ್ಮ ಕಡೆಯ ಶಾಸನಗಳಲ್ಲಿಯೂ ಕೆರೆಯ ಹೂಳೆತ್ತಲು, ಏರಿ ಭದ್ರಪಡಿಸಲು ಬಿಟ್ಟ 'ಬಿಟ್ಟುವಟ್ಟ', ಕೆರೆ ಕಟ್ಟಿಸಿದವನಿಗೆ ಸಲ್ಲುವ 'ದಸವಂದ' ಮುಂತಾದ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಒಮ್ಮೆ ಕಟ್ಟಿ ಮುಗಿಸಿದರಾಗದು, ವರ್ಷ ವರ್ಷವೂ ಕಟ್ಟುತ್ತಲೇ ಇರಬೇಕೆಂಬುದು ಎರಡು ಸೀಮೆಯವರಿಗೂ ಗೊತ್ತಿತ್ತು. ಊರವರೇ ಕೂಡಿ ಮಾಡುತ್ತಿದ್ದ ಆ ದುರಸ್ತಿಗೆ ತಮಿಳಿನಲ್ಲಿ 'ಕುಡಿಮರಾಮತ್ತು' ಎಂದು ಹೆಸರು. ತಮಿಳುನಾಡು ಸರ್ಕಾರ 2017ರಲ್ಲಿ ಅದೇ ಹೆಸರಿನಲ್ಲಿ ಯೋಜನೆಯೊಂದನ್ನು ಆರಂಭಿಸಿತು.

ಇಲ್ಲಿ ಕನ್ನಡಿಗರು ಇನ್ನೊಂದು ಬಾರಿ ಪ್ರವೇಶಿಸುತ್ತಾರೆ. ಉತ್ತರಮೇರೂರಿನ ಶಾಸನವಾಗಿ 30 ವರ್ಷವೂ ಕಳೆದಿರಲಿಲ್ಲ, ರಾಷ್ಟ್ರಕೂಟ ಮೂರನೆಯ ಕೃಷ್ಣ ತೊಂಡೈಮಂಡಲದ ಮೇಲೆ ದಂಡೆತ್ತಿ ಬಂದ. ಕ್ರಿ.ಶ. 949ರಲ್ಲಿ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಭಾವ ಗಂಗ ಬೂತುಗ, ಪರಾಂತಕನ ಮಗ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದ. 'ಆನೆಯ ಮೇಲೆ ಮಲಗಿದ ದೇವರು' ಎಂದೇ ತಮಿಳರು ಆ ರಾಜಕುಮಾರನನ್ನು ನೆನೆದರು. ಮುಂದೆ ಸುಮಾರು ಎರಡು ದಶಕ ಈ ಸೀಮೆಯ ತಮಿಳು ಶಾಸನಗಳಲ್ಲಿ ದೊರೆಯೆಂದರೆ ಕಂಚಿ ತಂಜಾವೂರುಗಳನ್ನು ಗೆದ್ದ 'ಕನ್ನರದೇವ', ನಮ್ಮ ಕೃಷ್ಣ. ಈ ಯುದ್ಧದ ಅತ್ಯಂತ ಸ್ವಾರಸ್ಯವಾದ ದಾಖಲೆ ಇರುವುದು ಕನ್ನಡದಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ. ಬೂತುಗನ ಭಂಟ ಮಣಲೆರ ತಕ್ಕೋಲದಲ್ಲಿ ಪರಾಕ್ರಮ ತೋರಿದ. ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಬೆಳ್ತೂರಿನ ಗುಡ್ಡದಲ್ಲಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿ ಎಲ್ಲಿತ್ತು ಗೊತ್ತೇ? ಊರ ಹಿರಿಯ ಕೆರೆಯ ಕೆಳಗೆ. ನಾಯಿಯ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದಾಗ ತಪ್ಪದೆ ನೋಡಿ.

ಸೋತ ರಾಜಾದಿತ್ಯನೂ ಒಂದು ಕೆರೆ ಬಿಟ್ಟುಹೋದನೆಂಬುದು ಐತಿಹ್ಯ. ರಾಷ್ಟ್ರಕೂಟರನ್ನು ಎದುರಿಸಲು ಉತ್ತರಕ್ಕೆ ಹೊರಟ ಅವನ ಸೈನಿಕರು, ಯುದ್ಧ ಬರುವವರೆಗೆ ಸುಮ್ಮನೆ ಕೂಡದೆ ಚಿದಂಬರದ ಪಶ್ಚಿಮಕ್ಕೆ ದೊಡ್ಡದೊಂದು ಕೆರೆ ತೋಡಿದರು. ತಂದೆ ಪರಾಂತಕನ ಬಿರುದಾದ ವೀರನಾರಾಯಣ ಎಂಬ ಹೆಸರನ್ನೇ ಅದಕ್ಕಿಟ್ಟರು. ಅದೇ ವೀರಾಣಂ ಕೆರೆ, ಸುಮಾರು 16 ಕಿಲೋಮೀಟರ್ ಉದ್ದ. ಅದರ ಮಾತು ಕೊನೆಗೆ ಮತ್ತೆ ಬರುತ್ತದೆ.

ಇನ್ನು ಕುಡಿಯುವ ನೀರು. ಹಳೆಯ ಮದ್ರಾಸಿನವರು ಬಾವಿಗಳನ್ನೂ ಗುಡಿಯ ಕೊಳಗಳನ್ನೂ ನಂಬಿದ್ದರು. ಕೊಳವೆಯ ನೀರಿಗಾಗಿ ಉತ್ತರದ ರೆಡ್ ಹಿಲ್ಸ್, ಅಂದರೆ ಪುಳಲ್ ಕೆರೆಯನ್ನು ಹಿಗ್ಗಿಸಿ 1872ರಲ್ಲಿ ಊರಿಗೆ ನೀರು ತಂದರು. (ಇದೇ ಕೆಂಪುಗುಡ್ಡದ ಜಂಬಿಟ್ಟಿಗೆ ಕಲ್ಲು ಸಾಗಿಸಲು 1837ರಲ್ಲಿ ಹಾಕಿದ ಹಳಿಯೇ ಭಾರತದ ಮೊದಲ ರೈಲುಮಾರ್ಗ, ಬೊಂಬಾಯಿಯವರು ಬೇಸರಿಸಬಾರದು.) ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಥರ್ಲ್‌ಮಿಯರ್ ಸರೋವರಕ್ಕೆ ಒಡ್ಡು ಕಟ್ಟಿ ಮ್ಯಾಂಚೆಸ್ಟರಿಗೆ ನೀರು ಒಯ್ದದ್ದು 1894ರಲ್ಲಿ, ಅಂದರೆ ನಮಗಿಂತ 22 ವರ್ಷ ತಡವಾಗಿ. ಅಲ್ಲಿ ಸರೋವರದ ಚೆಲುವು ಕೆಡುವುದೆಂದು ಜಾನ್ ರಸ್ಕಿನ್ನರಂಥ ವಿದ್ವಾಂಸರು ವಿರೋಧಿಸಿದರು. ನಮ್ಮ ಲಾಂಗ್ ಟ್ಯಾಂಕಿನ ಪರವಾಗಿ ಅಂಥ ದೊಡ್ಡ ದನಿ ಎದ್ದುದನ್ನು ನಾವು ಎಲ್ಲಿಯೂ ಓದಿಲ್ಲ. 1914ರಲ್ಲಿ ಕೀಳ್ಪಾಕ್ಕಂ ಶೋಧನಾಗಾರ ಬಂತು. ಕೊಸಸ್ತಲೈ ನದಿಗೆ ಅಡ್ಡಲಾಗಿ ಪೂಂಡಿ ಜಲಾಶಯ 1944ರಲ್ಲಿ ಮುಗಿಯಿತು. ಅದಕ್ಕಾಗಿ ದುಡಿದ ಮೇಯರ್ ಸತ್ಯಮೂರ್ತಿಯವರು ಅದನ್ನು ಕಾಣದೆ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ನಮ್ಮ ಬೀದಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಚೆಂಬರಂಬಾಕ್ಕಂ ಏರಿಯ ಮೇಲೆ ನಿಂತಾಗ. ಚೆನ್ನೈಯ ನೀರಿನ ಕೆರೆಗಳಲ್ಲಿ ಇದು ದೊಡ್ಡದು: 3,645 ದಶಲಕ್ಷ ಘನ ಅಡಿ, ಲೀಟರಿನಲ್ಲಿ ಹೇಳುವುದಾದರೆ 10,000 ಕೋಟಿಗೂ ಮೀರಿ. ಇದಕ್ಕೆ ನೀರು ಕೂವಂ ನದಿಯ ಕಾಲುವೆಯಿಂದಲೂ ಬರುತ್ತದೆ, ಆ ಕೂವಂ ಕವಲೊಡೆಯುವುದು ಕೇಶಾವರಂ ಅಣೆಕಟ್ಟೆಯಲ್ಲಿ, ತಕ್ಕೋಲದ ಸನಿಹ. ಬೂತುಗನ ಆನೆ ಕುದುರೆಗಳು ನೀರು ಕುಡಿದ ಹಳ್ಳದ ನೀರೇ ಇಲ್ಲಿಗೆ ಬರುತ್ತಿದ್ದೀತು! 2015ರ ಡಿಸೆಂಬರ್ 1ರ ರಾತ್ರಿ ಈ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ, ಅಂದರೆ ಸೆಕೆಂಡಿಗೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಅಡ್ಯಾರ್ ನದಿಗೆ ಬಿಡಬೇಕಾಯಿತು. ಅದರ ಜೊತೆಗೆ ತಾಂಬರಂ ಕಡೆಯ ಹತ್ತಾರು ಕೆರೆಗಳ ಕೋಡಿಯ ನೀರೂ ಅದೇ ನದಿಗೆ. ನದಿ ದಡ ಮೀರಿತು. ಮಾಂಬಲಂ ಕಾಲುವೆ ನದಿಗೆ ಸೇರುವ ಬದಲು ನದಿಯೇ ಕಾಲುವೆಯೊಳಗೆ ಹಿಮ್ಮೊಗವಾಯಿತು. ಲಾಂಗ್ ಟ್ಯಾಂಕ್ ಇದ್ದಿದ್ದರೆ ಊರಿನ ಮಳೆನೀರಾದರೂ ಅದರಲ್ಲಿ ನಿಂತು ಕಾಯುತ್ತಿತ್ತು. ಅದು ನಮ್ಮ ನಡುಮನೆಯಲ್ಲಿ ಕಾಯಿತು. ಆ ಮಳೆಗಾಲದಲ್ಲಿ ರಾಜ್ಯದಲ್ಲಿ ಪ್ರಾಣ ಕಳೆದುಕೊಂಡವರು ನೂರಾರು ಮಂದಿ. ನಮ್ಮ ನಷ್ಟ ಹಾಸಿಗೆ, ಪುಸ್ತಕ, ಫ್ರಿಜ್ಜುಗಳಲ್ಲಿ ಮುಗಿಯಿತು.

ನಾಲ್ಕೇ ವರ್ಷಕ್ಕೆ ಇದರ ವಿಪರೀತ. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಬಹುಮಟ್ಟಿಗೆ ಒಣಗಿದವು. ಪ್ಲಾಸ್ಟಿಕ್ ಕೊಡಗಳ ಸಾಲು, ಟ್ಯಾಂಕರಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕೂಡುವುದು, ಊಟಕ್ಕೆ ಎಲೆ ಹಾಕಿ ತಟ್ಟೆ ತೊಳೆಯುವ ನೀರು ಉಳಿಸುವುದು ಎಲ್ಲರೂ ಅನುಭವಿಸಿದ್ದೇ. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರ್ ಹೊತ್ತ ಮೊದಲ ನೀರಿನ ರೈಲು ವಿಲ್ಲಿವಾಕ್ಕಂಗೆ ಬಂತು. ಬೆಂಗಳೂರು ಮೈಲಿನಲ್ಲಿ ಹೋಗುವಾಗ ನಡುರಾತ್ರಿ ಎಚ್ಚರವಾಗಿ ಕಾಫಿ ಕುಡಿಯುವ ಜೋಲಾರ್‌ಪೇಟೆಯೇ ಅದು. ರೈಲಿನಲ್ಲಿ ಬಂದದ್ದು ಮೇಟ್ಟೂರಿನ ಕಾವೇರಿ ನೀರು.

ಕಾವೇರಿ ಎಂದಕೂಡಲೇ ಎರಡು ರಾಜ್ಯಗಳಲ್ಲಿಯೂ ದನಿ ಏರುತ್ತದೆ. ಆ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆದರೆ ನಮ್ಮ ನಲ್ಲಿಯಲ್ಲಿ ಬರುವುದೇನೆಂದು ತಿಳಿದಿರಲಿ. 1976ರ ಒಪ್ಪಂದದಂತೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳು ತಮ್ಮ ಕೃಷ್ಣೆಯ ಪಾಲಿನಿಂದ ತಲಾ 5 ಟಿ.ಎಂ.ಸಿ. ನೀರನ್ನು ಈ ನಗರಕ್ಕೆ ಬಿಟ್ಟುಕೊಟ್ಟವು. ಆ ನೀರು ಪೂಂಡಿಗೆ ಮೊದಲು ಬಂದದ್ದು 1996ರಲ್ಲಿ. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಕೊಳ್ಳಿಡಂನ ಅಣೈಕ್ಕರೈಯಿಂದ ವಡವಾರು ಕಾಲುವೆಯ ಮೂಲಕ ವೀರಾಣಂ ಕೆರೆ ಸೇರಿ, ಅಲ್ಲಿಂದ ಸುಮಾರು 235 ಕಿಲೋಮೀಟರ್ ಕೊಳವೆಯಲ್ಲಿ 2004ರಿಂದ ಚೆನ್ನೈಗೆ ಬರುತ್ತಿದೆ. ಕನ್ನಡಿಗನ ಕೈಯಲ್ಲಿ ಮಡಿದ ರಾಜಾದಿತ್ಯನ ಕೆರೆಯ ನೀರಿನಲ್ಲೇ ಪಶ್ಚಿಮ ಮಾಂಬಲಂನ ಕನ್ನಡಿಗರ ಮನೆಗಳಲ್ಲಿ ಬೆಳಗಿನ ಕಾಫಿಯ ಡಿಕಾಕ್ಷನ್ ಇಳಿಯುತ್ತಿದ್ದರೂ ಆಶ್ಚರ್ಯವಿಲ್ಲ.

ನೋಡಲು ಬಯಸುವ ಸದಸ್ಯರಿಗೆ ಒಂದೆರಡು ಮಾತು. ಹೋಗುವುದಾದರೆ ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಹೋಗಬೇಕು. ಬೇಸಗೆಯಲ್ಲಿ ಹೋದರೆ ಕಾಣುವುದು ಬಿರುಕುಬಿಟ್ಟ ಅಂಗಳ. ಮಾಂಬಲಂನಿಂದ ಚೆಂಗಲ್ಪಟ್ಟಿಗೆ ಲೋಕಲ್ ರೈಲು, ನಿಲ್ದಾಣದ ಪಕ್ಕದಲ್ಲೇ ಕೊಳವಾಯ್ ಕೆರೆ. ಅಲ್ಲಿಂದ ಬಸ್ಸಿನಲ್ಲಿ ಮಧುರಾಂತಕ, ಗುಡಿ ಮಧ್ಯಾಹ್ನ ಮುಚ್ಚುವ ಮೊದಲೇ ತಲುಪಬೇಕು. ವೇಡಂತಾಂಗಲ್‌ನ ಹಕ್ಕಿಗಳು ಸಂಜೆ ನಾಲ್ಕರ ಮೇಲೆ ಗೂಡಿಗೆ ಮರಳುತ್ತವೆ. ಮೊಸರನ್ನ ಮನೆಯಿಂದಲೇ ಒಯ್ಯುವುದು ಮೇಲು. ಏರಿಯ ಮೇಲೆ ಕುಳಿತು ಉಂಡವರು ಎಲೆಯನ್ನು ನೀರಿಗೆ ಎಸೆಯದಿದ್ದರೆ ಸಾಕು.